ವೈಫೈ ಕಾಟಕ್ಕೆ ಮನೆಮದ್ದು



ಮಿಕ್ಸಿ ಜಾರು ಸೋರುತ್ತದೆ, ಕುಕ್ಕರು ಸೀಟಿ ಹಾಕುತ್ತಿಲ್ಲ, ಗ್ಯಾಸ್ ಒಲೆಯ ಉರಿ ಹಳದಿಯಾಗಿದೆ. ಈ ಪುಟಕ್ಕೆ ಬರುವ ಕಾಗದಗಳು ಹೆಚ್ಚಾಗಿ ಇಂಥವೇ. ಈಚೆಗೆ ಅವುಗಳ ಜೊತೆಗೆ ಇನ್ನೊಂದು ದೂರು ಸೇರಿಕೊಂಡಿದೆ. “ವೈಫೈ ಹಾಕಿಸಿದ್ದೇವೆ, ತಿಂಗಳು ತಿಂಗಳು ದುಡ್ಡೂ ಕಟ್ಟುತ್ತೇವೆ, ಆದರೆ ಬೇಕಾದಾಗ ಬರುವುದಿಲ್ಲ. ಫೋನಿನಲ್ಲಿ ಬರೀ ಚಕ್ರ ಸುತ್ತುತ್ತದೆ” ಎಂಬುದೇ ಆ ದೂರು.

ಈ ಸಲ ಹುಣಸೂರು, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ನಾಲ್ವರ ಕಾಗದಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಎಲ್ಲ ಒಂದೇ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು. ಆದರೂ ನಾಲ್ಕು ಮನೆಯ ಕಾಟ ನಾಲ್ಕು ಬಗೆ. ವಿಚಿತ್ರವೆಂದರೆ ನಾಲ್ವರಿಗೂ ಸಿಕ್ಕ ಸಲಹೆ ಮಾತ್ರ ಒಂದೇ: “ನಿಮ್ಮ ಪ್ಲಾನ್ ಸಣ್ಣದು, ದೊಡ್ಡದು ಹಾಕಿಸಿಕೊಳ್ಳಿ.”

ನಾನು ಹೇಳುವುದಿಷ್ಟೆ, ಸ್ವಲ್ಪ ತಾಳಿ. ನೋವು ಎಲ್ಲಿದೆ ಎಂದು ನೋಡದೆ ಔಷಧಿ ಕೊಳ್ಳುವವರುಂಟೇ? ಮೊದಲು ಕಾಯಿಲೆ ಎಲ್ಲಿದೆಯೋ ಹುಡುಕೋಣ. ಹುಡುಕುವುದಕ್ಕೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಎರಡು ದಿನದ ತಾಳ್ಮೆ ಸಾಕು. ದುಡ್ಡು ಬೇಡ.

“ಅದೆಲ್ಲಾ ಗಂಡಸರ ಕೆಲಸ ಕಣ್ರೀ, ನಮಗೇನು ತಿಳಿಯುತ್ತೆ?” ಎನ್ನಬೇಡಿ. ಪೆಟ್ಟಿಗೆ ಹಾಕಿಸಿದವರು ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಟುಬಿಡುತ್ತಾರೆ. ಹನ್ನೊಂದು ಗಂಟೆಗೆ ಅದು ಕೆಟ್ಟರೆ ಮನೆಯಲ್ಲಿರುವವರು ನಾವು. ಸಿಲಿಂಡರ್ ಬದಲಾಯಿಸುತ್ತೇವೆ, ಇನ್ವರ್ಟರಿಗೆ ನೀರು ಹಾಕುತ್ತೇವೆ, ಮೋಟಾರು ನೀರೆತ್ತದಿದ್ದರೆ ಗಾಳಿ ತೆಗೆಯುತ್ತೇವೆ. ಇದು ಅದಕ್ಕಿಂತ ಸುಲಭ. ಎಸ್ಸೆಸ್ಸೆಲ್ಸಿವರೆಗೆ ಓದಿದ ನನಗೆ ತಿಳಿದದ್ದು ನಿಮಗೆ ತಿಳಿಯದೇನು? ನಮ್ಮ ಬೀದಿಗೆ ಲೈನು ಎಳೆಯಲು ಬಂದ ಹುಡುಗನನ್ನು ಕೂರಿಸಿ, ಕಾಫಿ ಕೊಟ್ಟು, ಒಂದೊಂದೇ ಕೇಳಿ ಬರೆದುಕೊಂಡೆ. ಆಮೇಲೆ ಮನೆಯಲ್ಲೇ ಮಾಡಿ ನೋಡಿದೆ.

ಬೀದಿ ನಲ್ಲಿ, ಮನೆ ನಲ್ಲಿ

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಇಂಟರ್‌ನೆಟ್ ಬೇರೆ, ವೈಫೈ ಬೇರೆ.

ಬೀದಿಯ ಪೈಪಿನಿಂದ ನಮ್ಮ ಸಂಪಿಗೆ ನೀರು ಬರುತ್ತದೆ. ಸಂಪಿನಿಂದ ಬಚ್ಚಲಿಗೆ, ಅಡಿಗೆಮನೆಗೆ ಹೋಗುವುದು ನಮ್ಮ ಮನೆಯ ಪೈಪು. ಸಂಪು ತುಂಬಿದ್ದೂ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಪುರಸಭೆಯನ್ನು ಬೈದು ಪ್ರಯೋಜನವಿಲ್ಲ. ಸಂಪೇ ಒಣಗಿದ್ದರೆ ಮನೆಯ ಪೈಪು ಬದಲಾಯಿಸಿದರೂ ಪ್ರಯೋಜನವಿಲ್ಲ. ಇದೂ ಹಾಗೆಯೇ. ಬೀದಿಯ ಕಂಬದಿಂದ ಪೆಟ್ಟಿಗೆಯವರೆಗೆ ಬರುವುದು ಇಂಟರ್‌ನೆಟ್. ಅದು ಕಂಪನಿಯವರ ಜವಾಬ್ದಾರಿ. ಪೆಟ್ಟಿಗೆಯಿಂದ ನಿಮ್ಮ ಫೋನಿನವರೆಗೆ ಗಾಳಿಯಲ್ಲಿ ಬರುವುದು ವೈಫೈ. ಅದನ್ನು ಕೆಡಿಸುವುದು ನಮ್ಮ ಗೋಡೆ, ಬೀರು, ಫ್ರಿಜ್ಜು.

ಎರಡರಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯುವುದು ಹೀಗೆ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ಫೋನು ಸಿಮ್ಮಿನ ಇಂಟರ್‌ನೆಟ್ ಬಳಸಿಬಿಟ್ಟೀತು, ಪರೀಕ್ಷೆ ಹಾಳು. ಮನೆಯ ಉಳಿದ ಫೋನು, ಟಿವಿಗಳ ವೈಫೈ ಹತ್ತು ನಿಮಿಷ ನಿಲ್ಲಿಸಿ. ಪೆಟ್ಟಿಗೆಯಿಂದ ನಾಲ್ಕೈದು ಅಡಿ ದೂರದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಇದಕ್ಕೆ ಸರ್ಕಾರದ ಟ್ರಾಯ್ ಸಂಸ್ಥೆಯದೇ ‘ಮೈಸ್ಪೀಡ್’ ಎಂಬ ಆ್ಯಪ್ ಇದೆ, ಬೇರೆಯವೂ ಇವೆ. ಬಂದ ಅಂಕಿಯನ್ನು ಬರೆದುಕೊಳ್ಳಿ. ಆಮೇಲೆ ಅದೇ ಫೋನು ಹಿಡಿದು ಕಾಟ ಕೊಡುವ ಕೋಣೆಗೆ ಹೋಗಿ ಮತ್ತೆ ಮಾಡಿ, ಬರೆದುಕೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಟಕ್ಕೆ, ಹೀಗೆ ಎರಡು ದಿನ.

ಪುಸ್ತಕ ನೋಡಿದರೆ ಕಾಯಿಲೆ ತಾನೇ ಮಾತಾಡುತ್ತದೆ. ಪೆಟ್ಟಿಗೆಯ ಬಳಿ ಚೆನ್ನಾಗಿದ್ದು ಕೋಣೆಯಲ್ಲಿ ಕೆಟ್ಟಿದ್ದರೆ ಅದು ಮನೆಯೊಳಗಿನ ತೊಂದರೆ. ಪೆಟ್ಟಿಗೆಯ ಬಳಿಯೂ ಮೂರು ಹೊತ್ತೂ ಕೆಟ್ಟಿದ್ದರೆ ಲೈನಿನದೋ ಪೆಟ್ಟಿಗೆಯದೋ ತೊಂದರೆ. ರಾತ್ರಿ ಮಾತ್ರ ಕೆಟ್ಟರೆ ಅದು ಜನಜಂಗುಳಿ. ಒಂದೇ ಫೋನಿನಲ್ಲಿ ಕೆಟ್ಟು ಮಿಕ್ಕವುಗಳಲ್ಲಿ ಚೆನ್ನಾಗಿದ್ದರೆ ಆ ಫೋನಿನದೇ ದೋಷ. ಈಗ ಕಾಗದಗಳಿಗೆ ಬರೋಣ.

ಹುಣಸೂರು ತಾಲ್ಲೂಕಿನ ಕಾಗದ

“ಅಕ್ಕಾ, ನಮ್ಮದು ಮಾವನವರ ಕಾಲದ ಮಣ್ಣುಗೋಡೆಯ ತೊಟ್ಟಿ ಮನೆ. ಪೆಟ್ಟಿಗೆಯನ್ನು ಮುಂದಿನ ಹಜಾರದಲ್ಲಿ ಟಿವಿ ಹಿಂದೆ ಇಟ್ಟುಹೋಗಿದ್ದಾರೆ. ಮಗಳು ಬಿ.ಕಾಂ. ಕೊನೇ ವರ್ಷ. ರಾತ್ರಿ ಎಂಟರಿಂದ ಒಂಬತ್ತೂವರೆಯವರೆಗೆ ಬ್ಯಾಂಕ್ ಪರೀಕ್ಷೆಗೆ ಫೋನಿನಲ್ಲಿ ಪಾಠ ಕೇಳುತ್ತಾಳೆ. ಹಿಂದಿನ ಕೋಣೆಯಲ್ಲಿ ಬರುವುದೇ ಇಲ್ಲ. ಹಜಾರದಲ್ಲಿ ಟಿವಿ ಗದ್ದಲ. ಪಾಪ, ಜಗುಲಿಯ ಮೇಲೆ ಸೊಳ್ಳೆ ಕಡಿಸಿಕೊಂಡು ಕೂರುತ್ತಾಳೆ. ಬೀದಿಯಲ್ಲಿ ಹೋಗಿಬರುವವರ ಕಣ್ಣು ಬೇರೆ. ಯಜಮಾನರು, ‘ಬರದ ವೈಫೈಗೆ ದುಡ್ಡು ದಂಡ, ಪಾಠವೂ ಬೇಡ, ಇದೂ ಬೇಡ, ತೆಗೆಸಿಬಿಡೋಣ. ಹೇಗೂ ಗಂಡು ನೋಡಬೇಕಲ್ಲ’ ಅಂತಿದಾರೆ. ಏನು ಮಾಡಲಿ?”

ತಂಗೀ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಪಾಠ ನಿಲ್ಲಿಸುವ ಮಾತು ಬೇರೆ, ವೈಫೈ ಕೆಟ್ಟ ಮಾತು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಲು ಬಿಡಬೇಡಿ. ವೈಫೈ ಸರಿಹೋದರೆ ಮೊದಲನೆಯ ಮಾತಿಗೆ ಅರ್ಧ ಬಲ ಹೋಗುತ್ತದೆ.

ನಿಮ್ಮ ಮನೆಯ ತೊಂದರೆ ಪ್ಲಾನಿನದಲ್ಲ, ಜಾಗದ್ದು. ನಮ್ಮ ಕಡೆಯ ಹಳೆಯ ಮಣ್ಣುಗೋಡೆ ಒಂದೂವರೆ ಅಡಿ ದಪ್ಪವಿರುವುದುಂಟು. ಬೇಸಿಗೆಯಲ್ಲಿ ತಂಪು ಕೊಡುವ ಆ ಗೋಡೆಯೇ ವೈಫೈ ಅಲೆಯನ್ನೂ ಹೀರಿಬಿಡುತ್ತದೆ. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ಇನ್ನೂ ಕಷ್ಟ, ಏಕೆಂದರೆ ನೀರು ಈ ಅಲೆಯನ್ನು ಕುಡಿಯುತ್ತದೆ. ಅದರ ಮೇಲೆ ಟಿವಿ ಹಿಂದೆ ಇಟ್ಟಿದ್ದಾರೆ. ಟಿವಿಯ ಒಳಗಿನ ತಗಡು ಅಲೆಗೆ ಅಡ್ಡ ನಿಂತ ಹಾಗಾಯಿತು.

ನಿಮ್ಮ ಮನೆಗೊಂದು ಅನುಕೂಲವಿದೆ, ಅದೇ ತೊಟ್ಟಿ. ತೊಟ್ಟಿಗೆ ಗೋಡೆಯಿಲ್ಲ. ತೊಟ್ಟಿಯ ಸುತ್ತಲಿನ ಪಡಸಾಲೆಯಲ್ಲಿ, ಮರದ ಕಂಬದ ಪಕ್ಕ, ಆಳೆತ್ತರಕ್ಕೆ ಒಂದು ಪುಟ್ಟ ಹಲಗೆ ಹೊಡೆಸಿ ಪೆಟ್ಟಿಗೆ ಇಡಿ. ಮಳೆಯ ಎರಚಲು ತಾಗಬಾರದು. ಅಲೆ ತೊಟ್ಟಿಯ ಬಯಲಿನಲ್ಲಿ ಸಲೀಸಾಗಿ ಹಾದು ನಾಲ್ಕೂ ಕಡೆಯ ಕೋಣೆಯ ಬಾಗಿಲಿಗೆ ತಲುಪುತ್ತದೆ. ಮಗಳ ಕೋಣೆಗೆ ಒಂದೇ ಗೋಡೆ, ಬಾಗಿಲು ತೆರೆದರೆ ಅದೂ ಇಲ್ಲ. ಪೆಟ್ಟಿಗೆಗೆ ಬರುವ ತೆಳ್ಳನೆಯ ತಂತಿ ಗಾಜಿನದು, ನಾವು ಎಳೆದು ಉದ್ದ ಮಾಡುವಂತಿಲ್ಲ. ಕೇಬಲ್‌ನವರಿಗೆ ಫೋನು ಮಾಡಿ, “ಪೆಟ್ಟಿಗೆ ಜಾಗ ಬದಲಾಯಿಸಬೇಕು, ಇಷ್ಟು ಅಡಿ ಉದ್ದದ ತಂತಿ ತನ್ನಿ” ಎಂದು ಅಳತೆ ಸಮೇತ ಹೇಳಿ. ಏನು ಖರ್ಚಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ದೊಡ್ಡ ಪ್ಲಾನಿಗೆ ತಿಂಗಳು ತಿಂಗಳು ಹೆಚ್ಚು ಕಟ್ಟಬೇಕು, ಇದು ಒಂದು ಸಲದ ಖರ್ಚು. ಈ ಎರಡು ಲೆಕ್ಕವನ್ನೂ ಅಕ್ಕಪಕ್ಕ ಬರೆದು ಯಜಮಾನರ ಮುಂದಿಡಿ.

ಕೇಬಲ್‌ನವರು ಬರುವವರೆಗೆ ಪಾಠ ತಪ್ಪಬಾರದಲ್ಲ? ಬೆಳಗಿನ ಜಾವ ಲೈನು ಖಾಲಿಯಿರುತ್ತದೆ. ಆಗ ಪೆಟ್ಟಿಗೆಯ ಬಳಿ ಕುಳಿತು ಹಿಂದಿನ ದಿನದ ಪಾಠವನ್ನು ಡೌನ್‌ಲೋಡ್ ಮಾಡಿಕೊಳ್ಳಲು ಮಗಳಿಗೆ ಹೇಳಿ, ಆ ಸೌಕರ್ಯವನ್ನು ಅವಳ ಆ್ಯಪ್ ಕೊಟ್ಟಿದ್ದರೆ. ರಾತ್ರಿಯ ಪಾಠಕ್ಕೆ ಚಿತ್ರದ ಗುಣಮಟ್ಟವನ್ನು 360ಕ್ಕೆ ಇಳಿಸಿದರೆ ಕಡಿಮೆ ವೇಗದಲ್ಲೂ ನಡೆಯುತ್ತದೆ. ಮೇಷ್ಟ್ರ ಮುಖ ಸ್ವಲ್ಪ ಮಸುಕಾದೀತು, ಲೆಕ್ಕ ಮಸುಕಾಗುವುದಿಲ್ಲ.

ಇದೆಲ್ಲ ಹೊಸದೇನಲ್ಲ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರುಮಾಡಿದ್ದರು. ಆ ಯಂತ್ರದ ಬಲ 30 ವ್ಯಾಟು. ನಮ್ಮ ಪೆಟ್ಟಿಗೆಯೂ ಒಂದು ಪುಟಾಣಿ ರೇಡಿಯೊ ಕೇಂದ್ರವೇ, ಆದರೆ ಅದು ಹೊರಬಿಡುವ ಅಲೆಯ ಬಲ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೇ ಒಂದು ಪಾಲಿನಷ್ಟು. ಅಷ್ಟು ಮೆಲ್ಲಗೆ ಮಾತಾಡುವವರನ್ನು ಮೂಲೆಯಲ್ಲಿ ಕೂರಿಸಿದರೆ ಕೇಳಿಸೀತೇ? ನಮ್ಮ ಅಪ್ಪಂದಿರು ಟ್ರಾನ್ಸಿಸ್ಟರನ್ನು ಆ ಕಿಟಕಿ ಈ ಕಿಟಕಿಗೆ ಹಿಡಿದು ಗೊರಗೊರ ನಿಲ್ಲುವ ಜಾಗ ಹುಡುಕುತ್ತಿದ್ದರಲ್ಲ, ನಾವೂ ಹಾಗೆಯೇ ಜಾಗ ಹುಡುಕಬೇಕು.

ಜಾಗದ ಬಗ್ಗೆ ಎಲ್ಲರಿಗೂ ಹೇಳುವುದು ಇಷ್ಟು. ಪೆಟ್ಟಿಗೆ ಮನೆಯ ನಡುವೆ, ಎತ್ತರದಲ್ಲಿ, ಬಯಲಾಗಿ ಇರಲಿ. ಕಬ್ಬಿಣದ ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ನೀರಿನ ಡ್ರಮ್ಮು ಪಕ್ಕದಲ್ಲಿ ಬೇಡ. ಮೈಕ್ರೋವೇವ್ ಒಲೆಯಿದ್ದರೆ ಅದರಿಂದಲೂ ದೂರವಿಡಿ, ಅದು ಉರಿಯುವಾಗ ವೈಫೈ ಇರುವ ಅಲೆಯಲ್ಲೇ ಗದ್ದಲ ಎಬ್ಬಿಸುತ್ತದೆ. ಟಿವಿ, ರೇಡಿಯೊಗೆ ಕ್ರೋಷಾ ಕವರು ಹೆಣೆದು ಹಾಕುವ ಅಭ್ಯಾಸ ನಮ್ಮದು. ಈ ಪೆಟ್ಟಿಗೆಗೆ ಮಾತ್ರ ಬೇಡಿ. ಹಗಲಿರುಳು ಉರಿದು ಬಿಸಿಯಾಗುವ ವಸ್ತು, ಅದಕ್ಕೆ ಗಾಳಿ ಬೇಕು.

ಕೆ.ಆರ್. ನಗರದ ಕಾಗದ

“ಹೊಸ ಆರ್‌ಸಿಸಿ ಮನೆ. ಕೆಳಗೆ ಚೆನ್ನಾಗಿದೆ, ಮಹಡಿಯ ಮೇಲೆ ಇಲ್ಲ. ಎಕ್ಸ್‌ಟೆಂಡರ್ ತಂದು ಮಹಡಿಯ ಕೋಣೆಯಲ್ಲಿ ಹಾಕಿದೆವು. ಅದರಲ್ಲಿ ದೀಪ ಉರಿಯುತ್ತದೆ, ಕಡ್ಡಿಯೂ ಪೂರ್ತಿ ತೋರಿಸುತ್ತದೆ, ಆದರೆ ಏನೂ ತೆರೆಯುವುದಿಲ್ಲ. ಮನೆಯಲ್ಲಿ ಎರಡು ವೈಫೈ ಹೆಸರು ಬರುತ್ತದೆ, ಒಂದರಲ್ಲಿ 5ಜಿ ಅಂತಿದೆ. ಯಾವುದನ್ನು ಒತ್ತಬೇಕು?”

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಪೆಟ್ಟಿಗೆಯ ಹೆಸರಿನ ಕೊನೆಯಲ್ಲಿ ಬರುವ 5ಜಿ ಮೊಬೈಲಿನ 5ಜಿ ಅಲ್ಲ. ಅದು 5 ಗಿಗಾಹರ್ಟ್ಸ್ ಎಂಬ ಅಲೆ. ಇನ್ನೊಂದು 2.4 ಗಿಗಾಹರ್ಟ್ಸ್. 2.4ರದು ಗಟ್ಟಿ ಕಾಲಿನ ಮುದುಕನ ನಡಿಗೆ. ವೇಗ ಕಡಿಮೆ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. 5ರದು ಎಳೆ ಹುಡುಗನ ಓಟ. ವೇಗ ಜಾಸ್ತಿ, ಆದರೆ ಒಂದು ಗೋಡೆ ಅಡ್ಡ ಬಂದರೆ ಸುಸ್ತು. ಪೆಟ್ಟಿಗೆಯಿರುವ ಕೋಣೆಯಲ್ಲಿ ಟಿವಿ, ಲ್ಯಾಪ್‌ಟಾಪಿಗೆ 5ನ್ನು ಒತ್ತಿ. ದೂರದ ಕೋಣೆಗೆ, ಮಹಡಿಗೆ 2.4ನ್ನು ಒತ್ತಿ. ಇದೊಂದೇ ಬದಲಾವಣೆಯಿಂದ ಗುಣವಾದ ಮನೆಗಳುಂಟು.

ಎಕ್ಸ್‌ಟೆಂಡರಿನ ವಿಷಯ. ಅದು ನೀರು ಹುಟ್ಟಿಸುವ ಯಂತ್ರವಲ್ಲ, ಬಂದ ನೀರನ್ನು ಮುಂದಕ್ಕೆ ತಳ್ಳುವ ಯಂತ್ರ. ವೈಫೈ ಬಾರದ ಕೋಣೆಯಲ್ಲಿ ಅದನ್ನು ಹಾಕಿದರೆ ಅದು ಏನನ್ನು ತಳ್ಳೀತು? ನಿಮ್ಮ ಫೋನು ತೋರಿಸುವ ಕಡ್ಡಿ ಎಕ್ಸ್‌ಟೆಂಡರಿನದು, ಪೆಟ್ಟಿಗೆಯದಲ್ಲ. ಆರ್‌ಸಿಸಿ ತಾರಸಿಯೊಳಗೆ ಕಬ್ಬಿಣದ ಸರಳಿನ ಬಲೆಯಿರುತ್ತದೆ, ಅಲೆ ಅದನ್ನು ದಾಟುವುದು ಕಷ್ಟ. ಮೆಟ್ಟಿಲಿನ ಜಾಗದಲ್ಲಿ ತಾರಸಿ ತೆರೆದಿರುತ್ತದೆ. ಆದ್ದರಿಂದ ಎಕ್ಸ್‌ಟೆಂಡರನ್ನು ಮೆಟ್ಟಿಲು ತಿರುಗುವ ಕಡೆ, ಕೆಳಗಿನ ವೈಫೈ ಇನ್ನೂ ಚೆನ್ನಾಗಿ ಸಿಗುವ ಕಡೆ ಹಾಕಿ ನೋಡಿ. ಪೆಟ್ಟಿಗೆಗೆ ಕಡ್ಡಿಯಂಥ ಆಂಟೆನಾಗಳಿದ್ದರೆ ಒಂದನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ. ನೆಟ್ಟಗಿರುವ ಕಡ್ಡಿಯ ಅಲೆ ಅಡ್ಡಡ್ಡ ಹರಡುತ್ತದೆ, ಮಲಗಿದ ಕಡ್ಡಿಯದು ಮೇಲಕ್ಕೂ ಹೋಗುತ್ತದೆ.

ಮಾಮೂಲಿ ಎಕ್ಸ್‌ಟೆಂಡರು ಕೇಳುವುದೂ ಹೇಳುವುದೂ ಒಂದೇ ಬಾಯಲ್ಲಿ, ಹಾಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಹಡಿಯಲ್ಲಿ ಆಫೀಸು ಕೆಲಸ ಮಾಡುವವರಿದ್ದರೆ ಲ್ಯಾನ್ ತಂತಿ ಎಳೆಸಿ ಮೇಲೊಂದು ಪೆಟ್ಟಿಗೆ ಹಾಕಿಸುವುದೇ ನಂಬಿಕೆಯ ದಾರಿ. ಆ ತಂತಿ 100 ಮೀಟರಿನವರೆಗೆ ಸೊರಗದೆ ಒಯ್ಯುತ್ತದೆ. ಹೊಸ ಮನೆ ಕಟ್ಟಿಸುತ್ತಿರುವ ಸೋದರಿಯರು ಕರೆಂಟಿನ ಪೈಪು ಹಾಕಿಸುವಾಗಲೇ ಮಹಡಿಗೊಂದು ಖಾಲಿ ಪೈಪು ಹಾಕಿಸಿಡಿ. ಆಮೇಲೆ ಗೋಡೆ ಕೊರೆಯುವುದು ತಪ್ಪುತ್ತದೆ.

ಪಿರಿಯಾಪಟ್ಟಣದ ಕಾಗದ

“ಮನೆಯಲ್ಲೇ ರವಿಕೆ ಹೊಲಿದು ಆರಿ ಕೆಲಸ ಮಾಡುತ್ತೇನೆ. ಗಿರಾಕಿಗಳಿಗೆ ಫೋಟೋ, ವೀಡಿಯೊ ಕಳಿಸಿ ಒಪ್ಪಿಸಿದರೇ ಆರ್ಡರು. ಹಗಲು ಪರವಾಗಿಲ್ಲ, ಸಂಜೆ ಏಳರಿಂದ ಹತ್ತರವರೆಗೆ ಒಂದು ಫೋಟೋ ಹೋಗಲು ಐದು ನಿಮಿಷ. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಕೊಟ್ಟಿರುತ್ತಾರೆ. 40ರ ಪ್ಲಾನ್ ಎನ್ನುತ್ತಾರೆ, ಆದರೆ ಡೌನ್‌ಲೋಡ್ ಮಾಡುವಾಗ 5ರ ಮೇಲೆ ತೋರಿಸುವುದೇ ಇಲ್ಲ. ಮೋಸವಲ್ಲವೇ?”

5 ತೋರಿಸಿದ್ದು ಮೋಸವಲ್ಲ. ನಾಲ್ಕು ಪಾವು ಸೇರಿ ಒಂದು ಸೇರಾದ ಹಾಗೆ, ಎಂಟು ಬಿಟ್ ಸೇರಿ ಒಂದು ಬೈಟ್. ಕಂಪನಿಯವರು ಬಿಟ್‌ನಲ್ಲಿ ಮಾರುತ್ತಾರೆ, ಫೋನು ಡೌನ್‌ಲೋಡನ್ನು ಬೈಟ್‌ನಲ್ಲಿ ತೋರಿಸುತ್ತದೆ. 40ನ್ನು ಎಂಟರಿಂದ ಭಾಗಿಸಿದರೆ 5. ಲೆಕ್ಕ ಸರಿಯಾಗಿದೆ.

ಸಂಜೆಯ ಕಾಟಕ್ಕೆ ಮನೆಯ ಬಾಯಿಗಳನ್ನು ಎಣಿಸಿ. ಅಕ್ಕಿ ಅಳೆಯುವಾಗ ಎಣಿಸುವುದಿಲ್ಲವೇ, ಹಾಗೆ. ಟಿವಿಯಲ್ಲಿ ಸ್ಪಷ್ಟ ಚಿತ್ರದ ಸಿನಿಮಾಕ್ಕೆ ಸುಮಾರು 5, ವೀಡಿಯೊ ಮಾತಿಗೆ ಎರಡು ಮೂರು, ಮಕ್ಕಳ ಫೋನಿನ ವೀಡಿಯೊಗೆ ಒಂದೊಂದಕ್ಕೆ ಎರಡು ಮೂರು. ಐದಾರು ಜನರ ಮನೆಗೂ 40 ಸಾಕು, ಅದು ನಿಜವಾಗಿ 40 ಬರುತ್ತಿದ್ದರೆ. ಆದರೆ ನೀವು ಕಾಗದದ ಕೊನೆಗೆ ಬರೆದ ಎರಡು ಮಾತಿನಲ್ಲೇ ಉತ್ತರವಿದೆ. ತಂಬಾಕು ಬ್ಯಾರನ್ ಕಡೆಗೆ ತಿರುಗಿಸಿದ ಎರಡು ಕ್ಯಾಮೆರಾ ಇದೇ ವೈಫೈಯಲ್ಲಿವೆ. ಪಕ್ಕದ ಮನೆಯವರಿಗೂ ಪಾಸ್‌ವರ್ಡು ಕೊಟ್ಟಿದ್ದೀರಿ.

ನಿಮಗೆ ಬೇಕಾದದ್ದು ಫೋಟೋ ಹೊರಗೆ ಕಳಿಸುವುದು, ಅಂದರೆ ಅಪ್‌ಲೋಡ್. ಕ್ಯಾಮೆರಾ ಚಿತ್ರವನ್ನು ಇಂಟರ್‌ನೆಟ್ಟಿಗೆ ಕಳಿಸಿ ಇಡುವ ಬಗೆಯದಾದರೆ ಅದೂ ಹಗಲಿರುಳು ಅಪ್‌ಲೋಡ್ ಮಾಡುತ್ತಿರುತ್ತದೆ. ಮನೆಯವರ ಫೋನುಗಳು ಸಂಜೆ ಮನೆಗೆ ಬಂದ ಕೂಡಲೇ ದಿನದ ಫೋಟೋಗಳನ್ನು ತಾವಾಗಿ ಮೇಲಕ್ಕೆ ಕಳಿಸುತ್ತವೆ. ಕ್ಯಾಮೆರಾದೊಳಗೆ ಮೆಮೊರಿ ಕಾರ್ಡು ಹಾಕಿಸಿ ಅಲ್ಲೇ ಉಳಿಯುವ ಹಾಗೆ ಮಾಡಿ. ಫೋನುಗಳ ಫೋಟೋ ಬ್ಯಾಕಪ್ಪನ್ನು ಸಂಜೆಯ ಹೊತ್ತು ನಿಲ್ಲಿಸಿಡಿ. ಪಾಸ್‌ವರ್ಡು ಬದಲಾಯಿಸಿ.

ಪಾಸ್‌ವರ್ಡು ಬದಲಾಯಿಸಿದರೆ ನೆರೆಯವರಿಗೆ ಬೇಸರ ಎನ್ನುತ್ತೀರಿ. ಮಜ್ಜಿಗೆ ಕೇಳಿದರೆ ಕೊಡೋಣ, ಇದನ್ನು ಕೊಡುವುದು ಬೇಡ. ನಿಮ್ಮ ಲೈನಿನಲ್ಲಿ ಯಾರು ಏನು ಮಾಡಿದರೂ ವಿಚಾರಣೆಗೆ ಬರುವುದು ನಿಮ್ಮ ಹೆಸರಿಗೆ. “ಕಂಪನಿಯವರು ಬದಲಾಯಿಸಲು ಹೇಳಿದರು, ಅದರಲ್ಲೇ ನನ್ನ ಹೊಲಿಗೆಯ ಲೆಕ್ಕವೂ ಇದೆ” ಎಂದು ನಯವಾಗಿ ಹೇಳಿ. ಕಂಪನಿಯವರು ಹೇಳಿಲ್ಲದಿದ್ದರೆ ಈ ಪುಟದವರು ಹೇಳಿದರು ಅನ್ನಿ.

ಇಷ್ಟೆಲ್ಲ ಮಾಡಿ, ಮನೆಯ ಮಿಕ್ಕ ಎಲ್ಲವನ್ನೂ ನಿಲ್ಲಿಸಿ, ರಾತ್ರಿ ಎಂಟಕ್ಕೆ ಪೆಟ್ಟಿಗೆಯ ಬಳಿ ನೋಡಿದಾಗಲೂ 40ಕ್ಕೆ ಐದೋ ಆರೋ ಬಂದರೆ ಜಂಗುಳಿ ಹೊರಗಿನದು. ಬೀದಿಯ ಲೈನಿಗೆ ಮನೆಗಳು ಹೆಚ್ಚಾಗಿವೆ. ಆಗ ದೂರು ಕೊಡಬೇಕಾದ್ದೇ. ಇನ್ನೊಂದು ನೆನಪಿಡಿ. ಎಷ್ಟೋ ಪ್ಲಾನುಗಳಲ್ಲಿ ತಿಂಗಳಿಗೆ ಇಷ್ಟು ಜಿಬಿ ಎಂಬ ಮಿತಿಯಿರುತ್ತದೆ, ಅದು ದಾಟಿದ ಮೇಲೆ ವೇಗ ಇಳಿಸುತ್ತಾರೆ. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಇದೇ ಕಾರಣ ಇದ್ದೀತು.

ಎಚ್.ಡಿ. ಕೋಟೆ ಕಡೆಯ ಕಾಗದ

“ಕಾಡಂಚಿನ ಊರು. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ವೈಫೈ ಬಂದ ಮೇಲೆ ಅದರಲ್ಲೇ ಫೋನೂ ಮಾತಾಡುತ್ತೇವೆ. ಮಳೆ ಬಂದರೆ, ಕರೆಂಟು ಹೋದರೆ ಅದೂ ಇಲ್ಲ. ಅತ್ತೆಗೆ ಬಿಪಿ, ಸಕ್ಕರೆ ಎರಡೂ ಇದೆ. ರಾತ್ರಿ ಏನಾದರೂ ಆದರೆ ಯಾರನ್ನು ಕರೆಯುವುದು ಎಂದು ಭಯ. ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪ ಆಗಾಗ ಮಿನುಗುತ್ತದೆ.”

ನೀವು ಹೇಳುವ ವೈಫೈ ಫೋನು ನಮ್ಮ ದೇಶದಲ್ಲಿ 2019ರ ಕೊನೆ, 2020ರ ಮೊದಲಿನಿಂದ ಬಳಕೆಗೆ ಬಂದದ್ದು. ಕಾಡಂಚಿನ ಊರುಗಳಿಗೆ ಅದು ವರವೇ. ಆದರೆ ಪೆಟ್ಟಿಗೆ ಆರಿದರೆ ಫೋನೂ ಆರಿದ ಹಾಗೆ. ಆದ್ದರಿಂದ ನಿಮಗೆ ವೇಗಕ್ಕಿಂತ ನಂಬಿಕೆ ಮುಖ್ಯ.

ಮೊದಲು ಕರೆಂಟು. ಮನೆಯಲ್ಲಿ ಇನ್ವರ್ಟರಿದ್ದರೆ ಪೆಟ್ಟಿಗೆಯ ಪ್ಲಗ್ಗು ಇನ್ವರ್ಟರಿನ ಲೈನಿನಲ್ಲಿದೆಯೇ ನೋಡಿ. ಇಲ್ಲದಿದ್ದರೆ ರೌಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ, ಎರಡು ಮೂರು ಗಂಟೆ ನಡೆಸುವಂಥದು. ಕೊಳ್ಳುವ ಮುಂಚೆ ಪೆಟ್ಟಿಗೆಯ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟು, ಆಂಪಿಯರು ಬರೆದುಕೊಂಡು ಹೋಗಿ. ಹೆಚ್ಚಾಗಿ 12 ವೋಲ್ಟ್ ಇರುತ್ತದೆ, ಆದರೂ ನೋಡಿಯೇ ತನ್ನಿ. ನಿಮ್ಮ ಮನೆಯಲ್ಲಿ ಬೆಳಕಿದ್ದೂ ಇಂಟರ್‌ನೆಟ್ ಬಾರದಿದ್ದರೆ ಕೇಬಲ್‌ನವರ ಕಡೆಯ ಯಂತ್ರಕ್ಕೆ ಕರೆಂಟಿಲ್ಲ ಎಂದೂ ಇರಬಹುದು.

ಈಗ ಕೆಂಪು ದೀಪ. ಪೆಟ್ಟಿಗೆಯ ಮುಂದೆ ಪಿಒಎನ್, ಎಲ್‌ಒಎಸ್ ಎಂದು ಬರೆದ ದೀಪಗಳಿರುತ್ತವೆ. ಪಿಒಎನ್ ಹಸಿರಾಗಿ ಸ್ಥಿರವಾಗಿದ್ದರೆ ಲೈನು ಕ್ಷೇಮ. ಎಲ್‌ಒಎಸ್ ಕೆಂಪಾಗಿ ಮಿನುಗಿದರೆ ಗಾಜಿನ ತಂತಿಯಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಇದು ನಿಮ್ಮ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಹಾಕಿದರೆ ವಾಸಿಯಾಗುವ ಕಾಯಿಲೆಯಲ್ಲ. ಮೊದಲು ಮನೆಯೊಳಗಿನ ತೆಳು ತಂತಿ ಬಾಗಿಲ ಸಂದಿಯಲ್ಲಿ ಸಿಕ್ಕಿದೆಯೇ, ಮೊಳೆಗೆ ಬಿಗಿದು ಮಡಚಿದೆಯೇ ನೋಡಿ. ಗಾಜಿನ ಎಳೆ ಕೂದಲಿನಷ್ಟು ಸಣ್ಣದು, ಚೂಪಾಗಿ ಬಾಗಿದರೆ ಬೆಳಕು ಸೋರಿಹೋಗುತ್ತದೆ. ದೊಡ್ಡ ಬಳೆಯಷ್ಟಾದರೂ ಅಗಲಕ್ಕೆ ಸುತ್ತಿಡಿ. ತಂತಿ ಬಿಚ್ಚಿ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ, ಮಕ್ಕಳಿಗೂ ಬಿಡಬೇಡಿ. ಅದರ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣಿಗೆ ಕೇಡು. ಒಳಗೆಲ್ಲ ಸರಿಯಿದ್ದರೆ ತೊಂದರೆ ಹೊರಗೆ. ಕೊಂಬೆ ಬಿದ್ದಿರಬಹುದು, ಕೋತಿ ಜಗ್ಗಿರಬಹುದು, ಜೋಡಣೆಯ ಡಬ್ಬಿಗೆ ನೀರು ಹೊಕ್ಕಿರಬಹುದು. ಅದನ್ನು ಅವರೇ ಬಂದು ಸರಿಮಾಡಬೇಕು.

ಗುಡುಗು ಮಿಂಚಿದ್ದಾಗ ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತಿಡಿ. ಗಾಜಿನ ತಂತಿ ಸಿಡಿಲನ್ನು ತರುವುದಿಲ್ಲ, ಕರೆಂಟಿನ ತಂತಿ ತರುತ್ತದೆ. ಅಂಥ ರಾತ್ರಿಗೆಂದು ಇನ್ನೊಂದು ಏರ್ಪಾಡು ಇರಲೇಬೇಕು. ಅಂಗಳದಲ್ಲೋ ತಾರಸಿಯಲ್ಲೋ ಯಾವ ಸಿಮ್ಮಿಗೆ ಎಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. 108ರ ನಂಬರು, ಹತ್ತಿರದ ಜೀಪು, ಆಟೋದವರ ನಂಬರು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಅತ್ತೆಯವರ ಔಷಧಿ ವಾರಕ್ಕಾಗುವಷ್ಟು ಮನೆಯಲ್ಲಿರಲಿ. ವೈಫೈ ಎಷ್ಟು ಒಳ್ಳೆಯದಾದರೂ ಅದೊಂದನ್ನೇ ನೆಚ್ಚಬಾರದು.

ದೂರು ಕೊಡುವ ಬಗೆ

ತೊಂದರೆ ಹೊರಗಿನದು ಎಂದು ಪುಸ್ತಕ ಹೇಳಿದರೆ ಬಾಯಿಮಾತಿನಲ್ಲಿ ಬಿಡಬೇಡಿ. ಕೇಬಲ್ ಹುಡುಗನಿಗೆ ಹೇಳಿದ್ದು ದೂರಲ್ಲ. ಕಂಪನಿಯ ದೂರು ಕೇಂದ್ರಕ್ಕೆ ಫೋನು ಮಾಡಿ ಡಾಕೆಟ್ ನಂಬರು ಕೇಳಿ ಪಡೆಯಿರಿ. ಅದನ್ನು ಕೊಡಬೇಕೆಂದು ಟ್ರಾಯ್‌ನ 2012ರ ನಿಯಮವಿದೆ. “ಸ್ಲೋ ಇದೆ” ಎಂದಷ್ಟೇ ಹೇಳಬೇಡಿ. “ಪೆಟ್ಟಿಗೆಯ ಪಕ್ಕದಲ್ಲಿ, ಒಂದೇ ಫೋನಿನಲ್ಲಿ, ಇಂಥ ದಿನ ರಾತ್ರಿ ಎಂಟಕ್ಕೆ 40ಕ್ಕೆ 6 ಬಂದಿದೆ” ಎಂದು ಓದಿ ಹೇಳಿ. ಅಂಕಿ ಹೇಳುವ ಹೆಂಗಸಿಗೆ “ಪ್ಲಾನ್ ದೊಡ್ಡದು ಮಾಡಿಸಿ” ಎಂಬ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ. ಟೆಲಿಕಾಂ ಕಂಪನಿಗಳ ಮೇಲೆ ಗ್ರಾಹಕರ ಆಯೋಗಕ್ಕೂ ಹೋಗಬಹುದೆಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಷ್ಟು ದೂರ ಹೋಗುವ ಪ್ರಮೇಯ ಹೆಚ್ಚಾಗಿ ಬರುವುದಿಲ್ಲ. ದಾರಿಯಿದೆ ಎಂದು ನಮಗೆ ತಿಳಿದಿರಬೇಕು, ಅಷ್ಟೆ.

ಕತ್ತರಿಸಿ ಪೆಟ್ಟಿಗೆಯ ಪಕ್ಕ ಅಂಟಿಸಿಕೊಳ್ಳಿ

1. ಕೆಟ್ಟ ಕೂಡಲೇ ದೀಪ ನೋಡಿ. ಎಲ್‌ಒಎಸ್ ಕೆಂಪಾಗಿದ್ದರೆ ಮನೆಯೊಳಗಿನ ತಂತಿ ನೋಡಿ, ಆಮೇಲೆ ಕಂಪನಿಗೆ ಫೋನು.

2. ಕೆಂಪಿಲ್ಲದಿದ್ದರೆ ಸ್ವಿಚ್ಚು ಆರಿಸಿ. ಒಂದು ನಿಮಿಷ ಬಿಟ್ಟು ಹಾಕಿ. ಐದು ನಿಮಿಷ ಕಾಯಿರಿ.

3. ಸೂಜಿಯಿಂದ ಒತ್ತುವ ರೀಸೆಟ್ ತೂತು ಮುಟ್ಟಬೇಡಿ. ಕಂಪನಿಯವರು ಮಾಡಿಟ್ಟ ಏರ್ಪಾಡೆಲ್ಲ ಅಳಿಸಿಹೋಗುತ್ತದೆ.

4. ಪೆಟ್ಟಿಗೆಯ ಬಳಿ ಒಂದು ಪರೀಕ್ಷೆ, ಕೋಣೆಯಲ್ಲಿ ಒಂದು ಪರೀಕ್ಷೆ. ಎರಡನ್ನೂ ಬರೆದಿಡಿ.

5. ಹತ್ತಿರಕ್ಕೆ 5, ದೂರಕ್ಕೆ 2.4.

6. ಪೆಟ್ಟಿಗೆ ನಡುವೆ, ಎತ್ತರದಲ್ಲಿ, ಬಯಲಾಗಿ.

7. ಪ್ಲಾನ್ ದೊಡ್ಡದು ಮಾಡುವುದು ಎಲ್ಲಕ್ಕಿಂತ ಕೊನೆಗೆ.

ಹುಣಸೂರಿನ ಸೋದರಿ, ಪೆಟ್ಟಿಗೆಯನ್ನು ತೊಟ್ಟಿಯ ಕಡೆಗೆ ಸರಿಸಿದ ಮೇಲೆ ಮಗಳ ಕೋಣೆಯಲ್ಲಿ ಎಷ್ಟು ಬಂತೆಂದು ಬರೆಯಿರಿ. ಪರೀಕ್ಷೆಗೆ ಕಟ್ಟಿದಳೋ ಇಲ್ಲವೋ ಎಂಬುದನ್ನೂ ಬರೆಯಿರಿ. ಮಿಕ್ಕವರೂ ನಿಮ್ಮ ಪುಸ್ತಕದ ಅಂಕಿಗಳ ಸಮೇತ ಬರೆದರೆ ಉತ್ತರಿಸುವುದು ನನಗೆ ಸುಲಭ.

ಮುಂದಿನ ಸಂಚಿಕೆಯಲ್ಲಿ ಇನ್ವರ್ಟರ್ ಬ್ಯಾಟರಿಯ ಆರೈಕೆ: ಯಾವ ನೀರು, ಎಷ್ಟು, ಎಷ್ಟು ದಿನಕ್ಕೊಮ್ಮೆ.